ಹೆಪ್ಪು ಹಾಕಿದ್ದು ಯಾರು? ‘ವಸ್ತೂಕರಣ’ವನ್ನು ದಿನದ ಮಾತಿನಲ್ಲಿ ಹಿಡಿಯುವ ಬಗೆ

ರಾತ್ರಿ ಮಲಗುವಾಗ ಪಾತ್ರೆಯಲ್ಲಿ ಹಾಲಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮೊಸರು. ‘ಮೊಸರಾಗಿದೆ’ ಅನ್ನುತ್ತೇವೆ, ಬಡಿಸಿಕೊಳ್ಳುತ್ತೇವೆ. ಆದರೆ ಅದು ಸುಮ್ನೆ ಆದದ್ದಲ್ಲ. ಎಲ್ಲರೂ ಮಲಗಿದ ಮೇಲೆ ಯಾರೋ ಒಬ್ಬರು ಬೆರಳದ್ದಿ ಬಿಸಿ ನೋಡಿ, ಅರ್ಧ ಚಮಚ ಹೆಪ್ಪು ಹಾಕಿ, ತಟ್ಟೆ ಮುಚ್ಚಿ ಬಂದಿರುತ್ತಾರೆ. ‘ಆಗಿದೆ’ ಎಂಬ ಮಾತಿನೊಳಗೆ ಆ ಕೈ ಕಾಣದೇ ಹೋಗುತ್ತದೆ.

ನಾನು ದಕ್ಷಿಣ ಕನ್ನಡದ ಒಂದು ಪದವಿ ಕಾಲೇಜಿನಲ್ಲಿ 22 ವರ್ಷದಿಂದ ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಪಾಠದ ನಡುವೆ ‘ವಸ್ತೂಕರಣ’ ಅಂತ ಒಂದು ಪದ ಬರುತ್ತದೆ. ಮಕ್ಕಳು ವ್ಯಾಖ್ಯೆ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಾಗೇ ಇಳಿಸುತ್ತಾರೆ, ಮರೆತುಬಿಡುತ್ತಾರೆ. ನನಗೆ ಅದು ತುಂಬ ಬೇಸರ. ಕತ್ತಿ, ಸೌಟಿನ ಹಾಗೆ ದಿನಾ ಕೈಗೆ ಬರಬೇಕಾದ ಪದ ಇದು. ಅದನ್ನು ಬಳಸುವುದು ಹೇಗೆ ಅಂತ ನನಗೆ ತಿಳಿದ ಹಾಗೆ ಇಲ್ಲಿ ಹೇಳುತ್ತೇನೆ. ಒಂದು ನೋಟ್‌ಬುಕ್, ಒಂದು ಪೆನ್ನು ಇದ್ದರೆ ಸಾಕು.

ಪದದ ಅರ್ಥ ಇಷ್ಟು. ಜನರೇ ಸೇರಿ ಮಾಡಿಕೊಂಡ ಒಂದು ಏರ್ಪಾಡು, ಮಾಡಿದವರಿಂದ ಕಳಚಿಕೊಂಡು, ಗುಡ್ಡದ ಹಾಗೆ, ಮಳೆಯ ಹಾಗೆ ತನ್ನಷ್ಟಕ್ಕೆ ಇರುವ ವಸ್ತುವಾಗಿ ಕಾಣತೊಡಗುವುದು. ಇದರ ಬೇರು ಕಾರ್ಲ್ ಮಾರ್ಕ್ಸ್ 1867ರಲ್ಲಿ ಪ್ರಕಟಿಸಿದ ‘ಕ್ಯಾಪಿಟಲ್’ನಲ್ಲಿದೆ. ಸಂತೆಯಲ್ಲಿ ಅಕ್ಕಿಗೂ ಬಟ್ಟೆಗೂ ನಡುವಿನ ಲೆಕ್ಕ ನಮ್ಮ ಕಣ್ಣಿಗೆ ಬೀಳುತ್ತದೆ. ಅಕ್ಕಿ ಬೆಳೆದವಳಿಗೂ ಬಟ್ಟೆ ನೇಯ್ದವನಿಗೂ ನಡುವಿನ ಸಂಬಂಧ ಬೀಳುವುದಿಲ್ಲ. ಹಂಗೇರಿಯ ಚಿಂತಕ ಗ್ಯೋರ್ಗ್ ಲೂಕಾಚ್ 1923ರಲ್ಲಿ ಬರೆದ ಉದ್ದನೆಯ ಪ್ರಬಂಧದಲ್ಲಿ ಇದನ್ನು ಅಂಗಡಿ ಬೀದಿಯಿಂದ ಆಚೆಗೂ ಹಿಗ್ಗಿಸಿದರು. ಕಾರ್ಖಾನೆ, ಕಚೇರಿ, ಕಾನೂನು, ಕೊನೆಗೆ ನಮ್ಮ ಮನಸ್ಸು ಕೂಡ ಹೀಗೇ ಗಟ್ಟಿಯಾಗುತ್ತವೆ ಅಂದರು. ಅವರ ಲೆಕ್ಕದಲ್ಲಿ ಅಡುಗೆಮನೆ ಹೆಚ್ಚು ಇರಲಿಲ್ಲ. ಅದನ್ನು ಸ್ತ್ರೀವಾದಿಗಳು ಆಮೇಲೆ ಸೇರಿಸಿದರು. ಸೇರಿಸಿದ ಮೇಲೆಯೇ ಈ ಪದಕ್ಕೆ ಪೂರ್ತಿ ಜೀವ ಬಂತು ಅಂತ ನನ್ನ ಅಭಿಪ್ರಾಯ.

ಒಂದು ವಾರ ಮಾತು ಹೆಕ್ಕಿ

ಮೊದಲ ವಾರ ಯಾವ ಪುಸ್ತಕವೂ ಬೇಡ. ಮನೆಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ ಮಾತುಗಳನ್ನು ಬರೆದುಕೊಳ್ಳಿ. ಎಲ್ಲ ಮಾತೂ ಅಲ್ಲ. ಯಾವ ಮಾತಿನಲ್ಲಿ ‘ಯಾರು’ ಅನ್ನುವುದು ಮಾಯವಾಗಿದೆಯೋ ಅದನ್ನು ಮಾತ್ರ.

‘ನಮ್ಮಲ್ಲಿ ಹಾಗೆ ಇಲ್ಲ.’
‘ಮೊದಲಿನಿಂದ ನಡ್ಕೊಂಡು ಬಂದಿದೆ.’
‘ಹೆಂಗಸರ ಕೂಲಿ ಅಷ್ಟೇ ಇರೋದು.’
‘ಮದುವೆ ಆಯ್ತು, ಕೆಲಸ ಬಿಟ್ಟಾಯ್ತು.’
‘ರೇಟ್ ಬಿದ್ದಿದೆ.’

ಕನ್ನಡದಲ್ಲಿ ಇಂಥ ಮಾತು ಬಹಳ ಸಲೀಸು. ‘ಆಗುತ್ತೆ’, ‘ಇದೆ’, ‘ಬಂತು’, ‘ಬಿತ್ತು’ ಅಂದರೆ ಮುಗಿಯಿತು, ಮಾಡಿದವರ ಹೆಸರು ಹೇಳಬೇಕಾಗಿಲ್ಲ. ಆ ಕೊನೆಯ ಮಾತನ್ನು ಇನ್ನೊಮ್ಮೆ ನೋಡಿ. ಮಳೆ ಬೀಳುತ್ತದೆ, ರೇಟೂ ಬೀಳುತ್ತದೆ. ಎರಡಕ್ಕೂ ಒಂದೇ ಕ್ರಿಯಾಪದ. ಮಳೆಯನ್ನು ಯಾರೂ ಬೀಳಿಸುವುದಿಲ್ಲ. ಆದರೆ ರೇಟಿನ ಹಿಂದೆ ಯಾರೋ ಎಲ್ಲೋ ಕೂತು ಮಾಡಿದ ತೀರ್ಮಾನ ಇದ್ದೇ ಇರುತ್ತದೆ.

ವಾರದ ಕೊನೆಗೆ ಹತ್ತಿಪ್ಪತ್ತು ವಾಕ್ಯ ಸಿಗುತ್ತವೆ. ಅದರಲ್ಲಿ ನಿಮ್ಮನ್ನು ಜಾಸ್ತಿ ಕಾಡಿದ ಒಂದನ್ನೇ ಆರಿಸಿ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ಯಾವುದೂ ಸಿಗುವುದಿಲ್ಲ.

ಮೂರು ಪ್ರಶ್ನೆ

ಆರಿಸಿದ ವಾಕ್ಯಕ್ಕೆ ಮೂರು ಪ್ರಶ್ನೆ ಹಾಕಿ. ಯಾರು ಮಾಡಿದ್ದು? ಯಾವಾಗಿನಿಂದ? ಬೇರೆ ಕಡೆ ಹೇಗಿದೆ?

ಕೆಲವು ವರ್ಷಗಳ ಹಿಂದೆ ನನ್ನ ಒಬ್ಬ ವಿದ್ಯಾರ್ಥಿನಿ ‘ಹೆಂಗಸರ ಕೂಲಿ ಅಷ್ಟೇ’ ಅನ್ನುವ ಮಾತನ್ನು ಆರಿಸಿದಳು. ಅವರದು ಅಡಿಕೆ ತೋಟ. ಮನೆಗೆ ಹೋಗಿ ಅಪ್ಪನ ಹತ್ತಿರ ಕೇಳಿದಳು. ‘ಎಲ್ಲ ಕಡೆ ಹಾಗೇ ಇರೋದು ಮಗಾ’ ಅಂದರು. ಯಾರು ನಿರ್ಧಾರ ಮಾಡಿದ್ದು ಅಪ್ಪ ಅಂದಳು. ‘ಯಾರೂ ಮಾಡಿದ್ದಲ್ಲ.’ ಹಾಗಾದರೆ ಹೋದ ವರ್ಷ ಜಾಸ್ತಿ ಆದದ್ದು ಹೇಗೆ? ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರಂತೆ, ‘ಕೊಯ್ಲು ಶುರುವಾಗುವ ಮೊದಲು ನಾವೇ ನಾಲ್ಕೈದು ತೋಟದವರು ಮಾತಾಡಿಕೊಳ್ತೇವೆ.’

ಆ ಹುಡುಗಿ ತರಗತಿಯಲ್ಲಿ ಇದನ್ನು ಓದುವಾಗ ಅವಳ ಸ್ವರ ನಡುಗುತ್ತಿತ್ತು. ಅಪ್ಪನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಇಷ್ಟು ದಿನ ಗುಡ್ಡ ಅಂದುಕೊಂಡಿದ್ದು ತಮ್ಮದೇ ಜಗಲಿಯಲ್ಲಿ, ಚಹಾ ಕುಡಿಯುತ್ತಾ ಆಡಿದ ಮಾತು ಅಂತ ಗೊತ್ತಾದಾಗ ಯಾರಿಗಾದರೂ ಹಾಗೇ ಆಗುತ್ತದೆ ಅಲ್ವಾ? ಮೂರನೆಯ ಪ್ರಶ್ನೆಗೂ ಅವಳಿಗೆ ಉತ್ತರ ಸಿಕ್ಕಿತು. ಅದೇ ಊರಿನಲ್ಲಿ ಉದ್ಯೋಗ ಖಾತರಿಯ ಕೆಲಸಕ್ಕೆ ಗಂಡಸರಿಗೂ ಹೆಂಗಸರಿಗೂ ಒಂದೇ ಕೂಲಿ. ಸಮಾನ ವೇತನದ ಕಾನೂನು ಬಂದದ್ದು 1976ರಲ್ಲಿ. ಅಂದರೆ ಬೇರೆ ಥರ ಸಾಧ್ಯ ಇಲ್ಲ ಅನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು.

ಕಾಗದದ ಬೆನ್ನು ಹತ್ತಿ

ಕೆಲವು ಮಾತು ಜಗಲಿಯಲ್ಲಿ ಮುಗಿಯುವುದಿಲ್ಲ. ಸರಕಾರದ ಫಾರಂ, ಕೋರ್ಟಿನ ಲೆಕ್ಕದವರೆಗೂ ಹೋಗಿರುತ್ತವೆ. ಅಂಥ ಒಂದು ಮಾತು, ‘ನಮ್ಮ ಮನೆಯವರಿಗೆ ಕೆಲಸ ಇಲ್ಲ, ಮನೆಯಲ್ಲೇ ಇದ್ದಾರೆ.’

ಇದನ್ನು ಕಾಗದದಲ್ಲಿ ಹುಡುಕಿ. ಜನಗಣತಿಯಲ್ಲಿ ಮನೆಕೆಲಸ ಮಾಡುವವರು ಸೇರುವುದು ‘ಕೆಲಸಗಾರರಲ್ಲದವರು’ ಎಂಬ ಗುಂಪಿಗೆ. 2010ರಲ್ಲಿ ಅರುಣ್ ಕುಮಾರ್ ಅಗರ್ವಾಲ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಇದನ್ನೇ ಎತ್ತಿ ಬರೆದರು. 2001ರ ಜನಗಣತಿ ಸುಮಾರು 36 ಕೋಟಿ ಹೆಂಗಸರನ್ನು ಕೆಲಸಗಾರರಲ್ಲದವರು ಅಂತ ಕರೆದು, ಭಿಕ್ಷುಕರು, ವೇಶ್ಯೆಯರು, ಕೈದಿಗಳ ಸಾಲಿಗೆ ಸೇರಿಸಿದೆ ಎಂದು ನೋವಿನಿಂದ ಹೇಳಿದರು. ಆ ಸಾಲಿನಲ್ಲಿ ಉಳಿದವರನ್ನು ಕೀಳು ಮಾಡಬೇಕಂತ ನಾನು ಇದನ್ನು ಹೇಳುತ್ತಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದ ಹೆಂಗಸು ಕಾಗದದ ಮೇಲೆ ಏನೂ ಮಾಡದವಳಾಗುವುದು ಹೇಗೆ ಅನ್ನುವುದನ್ನು ನೋಡಿ.

ಅದೇ ಪ್ರಕರಣದಲ್ಲಿ ಇನ್ನೊಂದು ಲೆಕ್ಕ ಇದೆ. ಗೃಹಿಣಿಯೊಬ್ಬರು ರಸ್ತೆ ಅಪಘಾತದಲ್ಲಿ ತೀರಿಕೊಂಡರೆ ಪರಿಹಾರ ಎಷ್ಟು? ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಸೇರಿಸಿದ ಪಟ್ಟಿಯ ಪ್ರಕಾರ, ಸಂಪಾದನೆ ಇಲ್ಲದ ಹೆಂಡತಿಯ ಆದಾಯ ಅಂದರೆ ಸಂಪಾದಿಸುವ ಗಂಡನ ಆದಾಯದ ಮೂರನೇ ಒಂದು ಭಾಗ ಆಗಿತ್ತು.

ಇದನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ಎರಡು ಮನೆ, ಅಕ್ಕಪಕ್ಕ. ಎರಡರಲ್ಲೂ ಅದೇ ಕುಚ್ಚಲಕ್ಕಿ ಅನ್ನ, ಅದೇ ಸಾರು, ಮಕ್ಕಳ ಅದೇ ಯೂನಿಫಾರ್ಮು ಒಗೆತ, ಹಾಸಿಗೆ ಹಿಡಿದ ಅತ್ತೆಯ ಅದೇ ಆರೈಕೆ. ಒಂದು ಮನೆಯ ಗಂಡಸಿಗೆ ತಿಂಗಳಿಗೆ 30,000. ಇನ್ನೊಂದು ಮನೆಯವರಿಗೆ 90,000. ಆ ಪಟ್ಟಿಯ ಲೆಕ್ಕದಲ್ಲಿ ಮೊದಲ ಮನೆಯ ಅಡುಗೆ 10,000, ಎರಡನೆಯ ಮನೆಯ ಅದೇ ಅಡುಗೆ 30,000. ಅಳತೆಗೋಲು ಅವಳ ಕೈಯನ್ನು ಮುಟ್ಟಲೇ ಇಲ್ಲ. ಗಂಡನ ಪಗಾರದ ಚೀಟಿಯನ್ನು ಅಳೆದು ಬಂತು. ಮಕ್ಕಳು ಇಲ್ಲಿ ತಾವಾಗಿ ಮಾತಾಡಲು ಶುರುಮಾಡುತ್ತಾರೆ. ವಸ್ತೂಕರಣ ಅಂದರೆ ಏನು ಅಂತ ಮತ್ತೆ ವಿವರಿಸುವ ಅಗತ್ಯ ಬೀಳುವುದಿಲ್ಲ.

ಈ ಕಾಗದಗಳು ಬದಲಾಗಿವೆ ಅನ್ನುವುದನ್ನೂ ನೋಡಿ. 2019ರ ಸಮಯ ಬಳಕೆ ಸಮೀಕ್ಷೆ ಒಂದು ದಿನದ 24 ಗಂಟೆಯನ್ನು ಜನ ಹೇಗೆ ಕಳೆಯುತ್ತಾರೆ ಅಂತ ಕೇಳಿತು. ಸಂಬಳ ಇಲ್ಲದ ಮನೆಕೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಅದೂ ಅಂಥ ಕೆಲಸ ಮಾಡುವ ಗಂಡಸರ ಲೆಕ್ಕ ಮಾತ್ರ. ನಾಲ್ವರಲ್ಲಿ ಸುಮಾರು ಮೂವರು ಗಂಡಸರು ಆ ದಿನ ಆ ಕೆಲಸವನ್ನೇ ಮಾಡಿರಲಿಲ್ಲ. 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಇದೇ ಅಂಕಿಗಳನ್ನು ಎತ್ತಿಕೊಂಡು, ಗೃಹಿಣಿಯ ಕೆಲಸಕ್ಕೆ ಬೆಲೆ ಕಟ್ಟಲೇಬೇಕು ಅಂದಿತು. ಎಣಿಸುವುದೇ ತಪ್ಪು, ಎಣಿಸಿದರೆ ಮನುಷ್ಯರು ವಸ್ತುವಾಗುತ್ತಾರೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಲ್ಲಿ ಎಣಿಕೆಯೇ ಕೈಯನ್ನು ಮತ್ತೆ ತೋರಿಸಿತು.

ಒಂದು ವಸ್ತುವನ್ನು ಹಿಂದಕ್ಕೆ ಬಿಚ್ಚಿ

ಈಗ ಮಾತು ಬಿಡಿ, ಒಂದು ಸಾಮಾನು ಹಿಡಿಯಿರಿ. ನಿಮ್ಮ ಮನೆಗೆ ಹತ್ತಿರದ್ದು ಯಾವುದಾದರೂ ಆಗಬಹುದು. ಅಗರಬತ್ತಿ, ಶರ್ಟು, ಹಪ್ಪಳ. ನಾನು ಬೀಡಿಯನ್ನು ಹಿಡಿಯುತ್ತೇನೆ. ನನ್ನ ಕಾಲೇಜು ಫೀಸು ಬಂದದ್ದು ಅದರಿಂದ.

1980ರ ದಶಕದಲ್ಲಿ ನಮ್ಮ ಊರಿನ ಹೆಚ್ಚಿನ ಮನೆಗಳಲ್ಲಿ ಹೆಂಗಸರ ಮಡಿಲಲ್ಲಿ ಒಂದು ತಡ್ಪೆ, ಅಂದರೆ ಮೊರ, ಇರುತ್ತಿತ್ತು. ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು, ಕತ್ತರಿ. ಎಲೆಯನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ಬಟ್ಟೆಯಲ್ಲಿ ಸುತ್ತಿಡಬೇಕು. ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ಒಂದು ಚಿಟಿಕೆ ಸೊಪ್ಪು ಹರಡಿ, ಎರಡೂ ಹೆಬ್ಬೆರಳಿನಿಂದ ಸುರುಳಿ ಸುತ್ತಿ, ಬುಡಕ್ಕೆ ನೂಲು ಬಿಗಿದು, ಬಾಯಿ ಮಡಚಬೇಕು. ಅಮ್ಮ ಮಾತಾಡುತ್ತಲೇ, ಒಲೆಯ ಮೇಲಿನ ಅನ್ನ ನೋಡುತ್ತಲೇ ಇದನ್ನೆಲ್ಲ ಮಾಡುತ್ತಿದ್ದರು. ಬೆರಳ ತುದಿಯಲ್ಲಿ ಸೊಪ್ಪಿನ ಕಂದು ಬಣ್ಣ ಎಂದೂ ಹೋದದ್ದಿಲ್ಲ.

ಸಂಜೆ ಬೀಡಿಯನ್ನು ಬ್ರಾಂಚಿಗೆ, ಅಂದರೆ ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗಕ್ಕೆ, ಕೊಂಡುಹೋಗಬೇಕು. ನಾನೂ ಜೊತೆಗೆ ಹೋಗುತ್ತಿದ್ದೆ. ಮೇಜಿನ ಆಚೆ ಕೂತವರು ಕಟ್ಟನ್ನು ಒತ್ತಿ ನೋಡಿ, ಕೆಲವನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ‘ಸಪೂರ ಆಗಿದೆ’, ‘ಎಲೆ ಒಡೆದಿದೆ’. ಆ ಎಲೆ ಕೊಟ್ಟದ್ದು ಅದೇ ಬ್ರಾಂಚು. ಒಮ್ಮೆ ಅಮ್ಮ ಆ ಮಾತು ಹೇಳಿಯೂ ಬಿಟ್ಟರು. ಮೇಜಿನ ಆಚೆಯವರು ತಲೆ ಎತ್ತದೆ ಪುಸ್ತಕದಲ್ಲಿ ಒಂದು ಸಂಖ್ಯೆ ಬರೆದರು. ಎಸೆದ ಬೀಡಿಗಳಿಗೆ ದುಡ್ಡಿಲ್ಲ, ಅವು ವಾಪಸ್ಸು ಕೈಗೂ ಬರಲಿಲ್ಲ. ಅಮ್ಮನ ಇಡೀ ದಿನ ಆ ಪುಸ್ತಕದಲ್ಲಿ ಒಂದು ಅಂಕಿ. ಅದರ ಆಚೆ ಬದಿಯಲ್ಲಿ ಇನ್ನೂ ಎಷ್ಟೋ ಕೈಗಳಿವೆ. ಎಲೆ ಬರುವುದು ಮಧ್ಯಪ್ರದೇಶ, ಒಡಿಶಾ ಕಡೆಯ ಕಾಡುಗಳಿಂದ. ಅಲ್ಲಿ ಬೇಸಿಗೆಯಲ್ಲಿ ಅದನ್ನು ಕೊಯ್ದವರು ಯಾರು? ನಿಪ್ಪಾಣಿ ಸುತ್ತಿನ ಹೊಲದಲ್ಲಿ ಹೊಗೆಸೊಪ್ಪು ಬೆಳೆದವರು ಯಾರು? ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ ಕೊಳ್ಳುವವರಿಗೆ ಕಾಣುವುದು ಕಟ್ಟಿನ ಮೇಲಿನ ಲೇಬಲ್.

ಹೀಗೆ ಬಿಚ್ಚುವುದನ್ನು ನನಗೆ ಕಲಿಸಿದ್ದು ಮರಿಯಾ ಮೀಸ್ ಅವರ ಅಧ್ಯಯನ. ಜರ್ಮನಿಯ ಇವರು 1960ರ ದಶಕದಲ್ಲಿ ಪುಣೆಯಲ್ಲಿ ಜರ್ಮನ್ ಭಾಷೆ ಕಲಿಸುತ್ತಿದ್ದರು. ಮುಂದೆ ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ ಲೇಸ್ ಹೆಣೆಯುವ ಹೆಂಗಸರ ಜೊತೆ ಕೆಲಸ ಮಾಡಿ, 1982ರಲ್ಲಿ ಪುಸ್ತಕ ತಂದರು. ಆ ಹೆಂಗಸರು ಮನೆಕೆಲಸದ ಮೇಲೆ ದಿನಕ್ಕೆ ಆರರಿಂದ ಎಂಟು ಗಂಟೆ ಹೆಣೆಯುತ್ತಿದ್ದರು. ಲೇಸ್ ವಿದೇಶಕ್ಕೆ ಹೋಗುತ್ತಿತ್ತು. ಆದರೂ ರಫ್ತು ಮಾಡುವವರ ಬಾಯಲ್ಲಿ ಅದು ‘ಬಿಡುವಿನ ಕೆಲಸ’, ಅವರು ‘ಮನೆಯಲ್ಲಿ ಕೂತ’ ಗೃಹಿಣಿಯರು. ಕಾರ್ಮಿಕರು ಅಂತ ಕರೆದರೆ ಕಾರ್ಮಿಕರ ಕೂಲಿ ಕೊಡಬೇಕಾಗುತ್ತದೆ. ಗೃಹಿಣಿ ಅಂದರೆ ಏನು ಕೊಟ್ಟರೂ ಆಯಿತು. ಮೀಸ್ ಇದನ್ನು ‘ಗೃಹಿಣೀಕರಣ’ ಎಂಬ ಅರ್ಥದ ಹೊಸ ಪದದಿಂದ ಕರೆದರು.

‘ಮನೆಯಲ್ಲಿ ಕೂತು’ ಅನ್ನುವುದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ನಮ್ಮೂರಲ್ಲೂ ಅದೇ ಮಾತು. ‘ಮನೆಯಲ್ಲಿ ಕೂತು ನಾಲ್ಕು ಬೀಡಿ ಕಟ್ಟುತ್ತಾಳೆ.’ ಕಾನೂನು ಹಾಗೆ ಹೇಳಲಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ನೌಕರರು ಅಂತಲೇ ಹೇಳಿತು. 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೂ ‘ಕೂತು’ ಅನ್ನುವ ಆ ಒಂದು ಪದ ಇವತ್ತಿಗೂ ಗಟ್ಟಿಯಾಗಿದೆ.

ಎಡವುವ ಜಾಗಗಳು

ಈ ಪದ ಕೈಗೆ ಸಿಕ್ಕ ಮೇಲೆ ಎಲ್ಲ ಕಡೆ ಅದೇ ಕಾಣುತ್ತದೆ. ಹುಷಾರಾಗಿರಿ.

ಬರೀ ವ್ಯಾಕರಣ ನೋಡಿ ತೀರ್ಪು ಕೊಡಬೇಡಿ. ನಮ್ಮ ಪಕ್ಕದ ಹವ್ಯಕರ ಮನೆಯಲ್ಲಿ ‘ಅಮ್ಮ ಬಂತು’ ಅನ್ನುತ್ತಾರೆ. ಹೆಂಗಸರಿಗೆ ನಪುಂಸಕ ಲಿಂಗ. ಹೊರಗಿನವರಿಗೆ ಅದು ವಸ್ತುವಿಗೆ ಹೇಳಿದ ಹಾಗೆ ಕೇಳಬಹುದು. ಆ ಮನೆಯೊಳಗೆ ಅದು ಪ್ರೀತಿಯ, ಸಹಜವಾದ ಮಾತು. ಆದರೆ ಮದುವೆ ಬ್ರೋಕರ್ ‘ಈ ಹೆಣ್ಣು ಆಗದಿದ್ದರೆ ಇನ್ನೊಂದು ಇದೆ’ ಅನ್ನುವಾಗ ನಿಲ್ಲಿ. ಅಲ್ಲಿ ಒಬ್ಬಳ ಬದಲು ಇನ್ನೊಬ್ಬಳನ್ನು ಇಟ್ಟರೂ ನಡೆಯುತ್ತದೆ. ಅಮೆರಿಕದ ತತ್ವಶಾಸ್ತ್ರಜ್ಞೆ ಮಾರ್ತಾ ನಸ್‌ಬಾಮ್ 1995ರಲ್ಲಿ ವ್ಯಕ್ತಿಯನ್ನು ವಸ್ತುವಾಗಿ ಕಾಣುವ ಏಳು ಬಗೆಗಳನ್ನು ಬಿಡಿಸಿಟ್ಟರು. ಅದರಲ್ಲಿ ಇದೂ ಒಂದು. ತನ್ನದೇ ಆದ ಇಷ್ಟಾನಿಷ್ಟ ಇಲ್ಲದವಳು ಅಂತ ನೋಡುವುದು, ಕೊಳ್ಳಬಹುದು ಮಾರಬಹುದು ಅಂತ ನೋಡುವುದು, ಅವಳಿಗೆ ಏನನ್ನಿಸುತ್ತದೆ ಅಂತ ಲೆಕ್ಕಕ್ಕೇ ಇಡದಿರುವುದು, ಇವೂ ಇವೆ. ವ್ಯಕ್ತಿ ವಸ್ತುವಾಗುವುದು, ಸಂಬಂಧ ವಸ್ತುವಾಗುವುದು ಎರಡೂ ಬೇರೆ ಬೇರೆ. ಆದರೆ ಒಂದೇ ಚಪ್ಪರದಡಿ ಎರಡೂ ನಡೆಯುವುದು ಅಪರೂಪ ಅಲ್ಲ. ‘ಹೆಣ್ಣು ಕೊಡುವುದು’ ಅನ್ನುವುದನ್ನೇ ಯೋಚಿಸಿ.

ಇನ್ನೊಂದು ಕಡೆ ನಾನೇ ಎಡವಿದ್ದೇನೆ. ‘ಪುರುಷಪ್ರಧಾನ ವ್ಯವಸ್ಥೆ ಹೆಣ್ಣನ್ನು ಹೀಗೆ ಮಾಡಿತು’ ಅಂತ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಒಬ್ಬ ಹುಡುಗ ಎದ್ದು ನಿಂತು ಕೇಳಿದ, ‘ಮೇಡಂ, ಇದರಲ್ಲಿ ಯಾರು?’ ಸರಿಯಾದ ಪ್ರಶ್ನೆ. ವ್ಯವಸ್ಥೆ ಅನ್ನುವುದನ್ನೂ ನಾನು ಮಳೆಯ ಹಾಗೆ ಸುರಿಸಿದ್ದೆ. ‘ಹೆಣ್ಣು’ ಅಂತ ಒಬ್ಬಳನ್ನೇ ನಿಲ್ಲಿಸಿದ್ದೆ. ಬಡ ದೇಶಗಳ ಹೆಂಗಸರೆಲ್ಲ ಒಂದೇ ಎರಕದವರು ಎಂಬಂತೆ ಬರೆಯುವ ಪಶ್ಚಿಮದ ಸ್ತ್ರೀವಾದಿಗಳನ್ನು ಭಾರತ ಮೂಲದ ಸ್ತ್ರೀವಾದಿ ಚಿಂತಕಿ ಚಂದ್ರಾ ತಳಪದೆ ಮೊಹಾಂತಿ 1980ರ ದಶಕದಲ್ಲೇ ಒಂದು ಪ್ರಬಂಧ ಬರೆದು ಎಚ್ಚರಿಸಿದ್ದರು. ಅದೇ ಪ್ರಬಂಧದಲ್ಲಿ ಅವರು ಒಳ್ಳೆಯ ಮಾದರಿ ಅಂತ ಎತ್ತಿ ತೋರಿಸಿದ್ದು ಮೀಸ್ ಅವರ ನರಸಾಪುರದ ಅಧ್ಯಯನವನ್ನೇ. ಯಾವ ಊರು, ಯಾವ ಜಾತಿ, ದಾರ ಯಾರದು, ದುಡ್ಡು ಯಾರ ಕೈಗೆ ಅಂತ ಅಲ್ಲಿ ಬಿಡಿಬಿಡಿಯಾಗಿ ಇದೆ.

ಇನ್ನು, ಮನುಷ್ಯರು ಮಾಡಿದ್ದು ಅಂತ ಗೊತ್ತಾದ ಕೂಡಲೇ ಅದು ಕರಗಿಬಿಡುತ್ತದೆ ಅಂದುಕೊಳ್ಳಬೇಡಿ. ಹೆಪ್ಪು ಹಾಕಿದವರು ಯಾರು ಅಂತ ತಿಳಿದರೂ ಮೊಸರು ಹಾಲಾಗುವುದಿಲ್ಲ. ಆ ಅಡಿಕೆ ತೋಟದ ಕೂಲಿ ಮರುವರ್ಷವೂ ಹಾಗೇ ಇತ್ತು.

ವಾಕ್ಯವನ್ನು ತಿರುಗಿ ಬರೆದು, ಓದಿ ಹೇಳಿ

ಕೊನೆಯ ಕೆಲಸ. ನೀವು ಆರಿಸಿದ ವಾಕ್ಯವನ್ನು ಮಾಡಿದವರ ಹೆಸರು ಸೇರಿಸಿ ಮತ್ತೆ ಬರೆಯಿರಿ. ‘ಹೆಂಗಸರ ಕೂಲಿ ಅಷ್ಟೇ’ ಅನ್ನುವುದು ‘ನಾವು ನಾಲ್ಕು ಮನೆಯವರು ಹೆಂಗಸರಿಗೆ ಇಷ್ಟೇ ಕೊಡುವುದು ಅಂತ ಮಾತಾಡಿಕೊಂಡಿದ್ದೇವೆ’ ಅಂತ ಆಗುತ್ತದೆ. ಬರೆದದ್ದನ್ನು ಆ ವಾಕ್ಯ ಯಾರ ಬಗ್ಗೆ ಇದೆಯೋ ಅವರಿಗೇ ಓದಿ ಹೇಳಿ. ಇದನ್ನು ಬಿಡಬೇಡಿ. ಅವರಿಗೆ ಓದದಿದ್ದರೆ ನೀವು ಅವರನ್ನು ಇನ್ನೊಂದು ನೋಟ್‌ಬುಕ್ಕಿನೊಳಗೆ ಅಂಕಿ ಮಾಡಿದ ಹಾಗೆ.

ನಾನು ಅಮ್ಮನಿಗೆ ಓದಿದೆ. ಈಗ ಅವರಿಗೆ 76. ನಾನು ಬರೆದ ವಾಕ್ಯ ಇಷ್ಟೇ ಇತ್ತು: ‘ಅಮ್ಮ ದಿನಕ್ಕೆ 800 ಬೀಡಿ ಕಟ್ಟುತ್ತಿದ್ದರು. ಬ್ರಾಂಚಿನವರು ಅದರಲ್ಲಿ 50 ಎಸೆಯುತ್ತಿದ್ದರು.’ ಕರ್ತೃ ಇದೆ, ಕ್ರಿಯೆ ಇದೆ, ಎಲ್ಲ ಸರಿಯಿದೆ ಅಂದುಕೊಂಡಿದ್ದೆ.

ಅಮ್ಮ ತುಳುವಿನಲ್ಲಿ ಕೇಳಿದರು, ‘ನಾನೊಬ್ಬಳೇ ಎಲ್ಲಿ ಕಟ್ಟಿದ್ದು ಮಗಾ? ಎಲೆ ಕತ್ತರಿಸಿ ಕೊಡ್ತಿದ್ದದ್ದು ನಿನ್ನ ಅಜ್ಜಿ. ಕಣ್ಣು ಮಂಜಾದ ಮೇಲೂ ಬಿಟ್ಟವರಲ್ಲ. ಬಾಯಿ ಮಡಚ್ತಿದ್ದದ್ದು ನೀನು. ಶಾಲೆಯಿಂದ ಬಂದವಳೇ ಚೀಲ ಇಟ್ಟು ಕೂರ್ತಿದ್ದಿ, ದೀಪ ಹಚ್ಚುವವರೆಗೆ.’

ನನಗೆ ಅದು ನೆನಪೇ ಇರಲಿಲ್ಲ. ನೋಟ್‌ಬುಕ್ ತೆರೆದು, ಆ ವಾಕ್ಯದಲ್ಲಿ ಅಮ್ಮನ ಪಕ್ಕ ಅಜ್ಜಿಯ ಹೆಸರು ಬರೆದೆ. ಆಮೇಲೆ ನನ್ನದು.